ಮುಂದಿನ ಸಾಲಿನ ಬಿಳಿ ಹ್ಯಾಟುಗಳು

ಪ್ರಶ್ನೆ: ಅಮೆರಿಕದ ಕಪ್ಪು ಜನರ ಚರ್ಚ್‌ಗಳ ವಿಡಿಯೋಗಳಲ್ಲಿ ಬಿಳಿ ಬಟ್ಟೆ, ಬಿಳಿ ಹ್ಯಾಟ್ ಹಾಕಿಕೊಂಡ ವಯಸ್ಸಾದ ಹೆಂಗಸರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಇವರೂ ಪಾಸ್ಟರ್‌ಗಳಾ? ಇಲ್ಲ ಸುಮ್ನೆ ಗೌರವಕ್ಕೆ ಕೂರಿಸಿರುತ್ತಾರಾ?

ಉತ್ತರ: ಪಾಸ್ಟರ್‌ಗಳಲ್ಲ. ಆದರೆ ಪಾಸ್ಟರ್ ಕೂಡ ಇವರ ಮುಖ ನೋಡಿಕೊಂಡೇ ಮಾತಾಡಬೇಕು! ಇವರು ‘ಚರ್ಚ್ ಮದರ್’ಗಳು. ಪ್ರಾರ್ಥನೆ ಶುರು ಮಾಡುವುದು, ಹಾಡು ಎತ್ತಿಕೊಡುವುದು, ಕಿರಿಯರಿಗೆ ಬುದ್ಧಿ ಹೇಳುವುದು ಇವರ ಕೆಲಸ. ಪಾಸ್ಟರ್ ಮಾಡುವ ಪ್ರಸಂಗ, ಅಂದರೆ ಉಪದೇಶ, ಚೆನ್ನಾಗಿ ಸಾಗಿದರೆ ಆ ಸಾಲಿನಿಂದ ‘ಆಮೆನ್’ ಬರುತ್ತದೆ. ತಡವರಿಸಿದರೆ ‘ಕರ್ತನೇ, ಇವನಿಗೆ ಸಹಾಯ ಮಾಡು’ ಅಂತ ಬರುತ್ತದೆ. ಅದು ಪ್ರಾರ್ಥನೆಯೋ ಮಾರ್ಕ್ಸ್ ಕಾರ್ಡೋ, ನೀವೇ ಹೇಳಿ.

ಎಷ್ಟೋ ಸಭೆಗಳಲ್ಲಿ ಪ್ರಭು ಭೋಜನದ (ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಯುವ ವಿಧಿ) ಮೇಜಿಗೆ ಬಿಳಿ ಬಟ್ಟೆ ಹಾಸಿ ಸಿದ್ಧ ಮಾಡುವವರೂ ಹೆಂಗಸರೇ. ಆರಾಧನೆಯ ಆವೇಶದಲ್ಲಿ ಯಾರಾದರೂ ನೆಲಕ್ಕೆ ಬಿದ್ದರೆ ಬಿಳಿ ಯೂನಿಫಾರ್ಮಿನ ‘ನರ್ಸ್’ಗಳು ಓಡಿ ಬರುತ್ತಾರೆ. ಒಬ್ಬಳು ಬೀಸಣಿಗೆ ಬೀಸಿದರೆ ಇನ್ನೊಬ್ಬಳು ಕಾಲಿನ ಮೇಲೆ ಬಟ್ಟೆ ಹೊದಿಸುತ್ತಾಳೆ.

ಇಷ್ಟೆಲ್ಲಾ ಇದ್ದರೂ ಪ್ರಸಂಗ ಪೀಠ ಮಾತ್ರ ಬಹಳ ಕಾಲ ಗಂಡಸರದ್ದೇ. ‘ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್’ ಪಂಗಡದಲ್ಲಿ 1911ರಲ್ಲೇ ಲಿಜ್ಜಿ ರಾಬಿನ್ಸನ್ ಮಹಿಳಾ ವಿಭಾಗ ಕಟ್ಟಲು ಹೊರಟರು. ಆದರೆ ಅಲ್ಲಿನ ನಿಯಮದಲ್ಲಿ ಗಂಡಸು ಹೇಳಿದರೆ ‘ಪ್ರಸಂಗ’, ಹೆಂಗಸು ಹೇಳಿದರೆ ‘ಪಾಠ’. ಎಷ್ಟೋ ಚರ್ಚ್‌ಗಳಲ್ಲಿ ಹೆಂಗಸರು ಪೀಠ ಹತ್ತದೆ, ಕೆಳಗೆ ಇಟ್ಟ ಸ್ಟ್ಯಾಂಡಿನ ಹಿಂದೆಯೇ ನಿಂತು ಮಾತಾಡಬೇಕಿತ್ತು. ನನಗಂತೂ ಇದು ಚೌಕಾಶಿಯ ಹಾಗೆ ಕಾಣುತ್ತದೆ.

ನನಗೆ ಜಾಸ್ತಿ ಇಷ್ಟ ಜರೀನಾ ಲೀ ಅವರ ಕತೆ. ತಾವು ಪ್ರಸಂಗ ಮಾಡಬೇಕು ಅಂತ ಅವರು ಫಿಲಡೆಲ್ಫಿಯಾದ ಪಾಸ್ಟರ್, ಮುಂದೆ ‘ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್’ ಪಂಗಡ ಕಟ್ಟಿದ ರಿಚರ್ಡ್ ಅಲೆನ್ ಅವರನ್ನು ಕೇಳಿದ್ದರು. ನಮ್ಮ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ ಎಂದುಬಿಟ್ಟರು ಅಲೆನ್. ವರ್ಷಗಳು ಕಳೆದವು. 1819ರ ಒಂದು ದಿನ ಬೆತೆಲ್ ಚರ್ಚ್‌ನಲ್ಲಿ ಬೇರೊಬ್ಬ ಪಾಸ್ಟರ್ ಬೈಬಲಿನ ಪ್ರವಾದಿ ಯೋನನ ಬಗ್ಗೆ ಹೇಳುತ್ತಾ ನಡುವೆ ಮಂಕಾದರು. ಜರೀನಾ ಥಟ್ಟನೆ ಎದ್ದು ನಿಂತರು. ದೇವರು ಕರೆದರೂ ಹೋಗದೆ ತಡಮಾಡಿದ ಯೋನನ ಹಾಗೆಯೇ ನಾನೂ ಅಂತ ಮಾತು ಮುಂದುವರಿಸಿಯೇಬಿಟ್ಟರು. ಹೊರಗೆ ಹಾಕುತ್ತಾರೆ ಅಂತ ಹೆದರಿ ಕೂತರೆ, ಎದ್ದವರು ಅಲೆನ್! ಈಕೆ ಹಿಂದೆ ನನ್ನನ್ನು ಕೇಳಿದ್ದಳು, ಇವಳಿಗೂ ಕರೆ ಇದೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡರು. ಆಮೇಲೆ ಜರೀನಾ ಊರೂರು ಸುತ್ತಿದರು. ಒಂದೇ ವರ್ಷದಲ್ಲಿ 2,325 ಮೈಲಿ, 178 ಪ್ರಸಂಗ. ಆದರೂ ಪಾಸ್ಟರ್ ಆಗುವ ದೀಕ್ಷೆ ಮಾತ್ರ ಸಿಗಲಿಲ್ಲ. 1816ರಲ್ಲಿ ಶುರುವಾದ ಅಲೆನ್ ಅವರ ಆ ಪಂಗಡ ಮೊದಲ ಮಹಿಳಾ ಬಿಷಪ್ಪರನ್ನು, ವಾಷ್ಟಿ ಮರ್ಫಿ ಮೆಕೆಂಜಿ ಅವರನ್ನು, ಆರಿಸಿದ್ದು 2000ದಲ್ಲಿ.

ಬ್ಯಾಪ್ಟಿಸ್ಟ್ ಎಂಬ ಇನ್ನೊಂದು ಪಂಗಡದಲ್ಲಿ ನ್ಯಾನಿ ಹೆಲೆನ್ ಬರೋಸ್ ಬೇರೆ ದಾರಿ ಹುಡುಕಿದರು. 1906ರಲ್ಲಿ ‘ವಿಮೆನ್ಸ್ ಡೇ’ ಎಂಬ ಭಾನುವಾರ ಬೇಕು ಎಂದರು. ಹೆಂಗಸರು ನಾಲ್ಕು ಜನರ ಮುಂದೆ ನಿಂತು ಮಾತಾಡಲು ಕಲಿಯಲಿ ಅನ್ನುವುದು ಅವರ ಲೆಕ್ಕ. ಆ ಭಾನುವಾರ ಈಗಲೂ ನಡೆಯುತ್ತದೆ. ಕೆಲವು ಸಭೆಗಳಲ್ಲಿ ಹೆಂಗಸು ಪೀಠ ಹತ್ತುವುದು ಅವತ್ತು ಮಾತ್ರ. ಮುಂದಿನ ಸಲ ವಿಡಿಯೋ ನೋಡುವಾಗ ಮಾತಾಡುವವರು ಎಲ್ಲಿ ನಿಂತಿದ್ದಾರೆ ಅಂತಲೂ ಗಮನಿಸಿ.