ಪೋಕರ್ ಮೇಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎದುರಿನವರು 100 ಬೆಟ್ ಮಾಡಿದರು. ರೇಸ್ ಮಾಡೋಣವೆಂದು (ಬೆಟ್ ಏರಿಸೋಣವೆಂದು) 500ರ ಒಂದೇ ಚಿಪ್ ಇಟ್ಟೆ. ಡೀಲರ್ (ಎಲೆ ಹಂಚುವವರು) ‘ಕಾಲ್’ (ಎದುರಿನ ಬೆಟ್ಟಿಗೆ ಸಮನಾಗಿ ಹಾಕುವುದು) ಎಂದು ನನಗೆ 400 ವಾಪಸ್ ಕೊಟ್ಟರು. ಇದು ಸರಿಯೇ?

ಉತ್ತರ: ಸರಿಯೇ. ಬೆಟ್ ಎದುರಿಗಿರುವಾಗ ಬಾಯಿಬಿಡದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಕಾಲ್ ಅಂತಲೇ ಲೆಕ್ಕ. ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಡೀಲರ್ ಊಹಿಸುವ ಹಾಗಿಲ್ಲ. ಚಿಪ್ ಮೇಜು ಮುಟ್ಟುವ ಮೊದಲೇ ‘ರೇಸ್’ ಎಂದಿದ್ದರೆ ಪೂರ್ತಿ 500 ನಿಲ್ಲುತ್ತಿತ್ತು. ಫ್ಲಾಪ್ (ಮೇಜಿನ ಮಧ್ಯೆ ಬಿಚ್ಚುವ ಮೊದಲ ಮೂರು ಎಲೆ) ಬಿದ್ದ ಮೇಲೆ ಇನ್ನೂ ಯಾರೂ ಬೆಟ್ ಮಾಡಿರದಿದ್ದರೆ ಅದೇ ಚಿಪ್ 500ರ ಬೆಟ್. ಇನ್ನೊಂದು ಎಡವಟ್ಟು ಉಂಟು: ಮೊದಲು 100 ಇಟ್ಟು, ಕೈ ಹಿಂದಕ್ಕೆ ತಂದು, ಮತ್ತೆ 400 ಇಡುವುದು. ಇದು ಸ್ಟ್ರಿಂಗ್ ಬೆಟ್. ಎರಡನೆಯ ಕಂತು ನಡೆಯದು. ನಿಮ್ಮ ಸರದಿ ಬಂದಾಗ ‘ಒಟ್ಟು ಐನೂರು’ ಎಂದುಬಿಡಿ. ಆಮೇಲೆ ಚಿಪ್ಪುಗಳನ್ನು ಎಷ್ಟು ಸಲ ತಂದಿಟ್ಟರೂ ತಕರಾರಿಲ್ಲ.

ಪ್ರಶ್ನೆ: ಡೀಲರ್ ತರಬೇತಿಯಲ್ಲಿದ್ದೇನೆ. ಮೂವರು ಆಲ್-ಇನ್ ಆದರೆ (ಇದ್ದ ಚಿಪ್ಪನ್ನೆಲ್ಲ ಹಾಕಿದರೆ) ಸೈಡ್ ಪಾಟ್ (ಹೆಚ್ಚು ಚಿಪ್ ಇರುವವರ ನಡುವಿನ ಬೇರೆ ಪಣದ ರಾಶಿ) ಲೆಕ್ಕ ತಪ್ಪುತ್ತದೆ.

ಉತ್ತರ: ಒಟ್ಟು ಕೂಡಿಸಲು ಹೋಗುವುದರಿಂದಲೇ ತಪ್ಪುತ್ತದೆ. ಎಲ್ಲರಿಗಿಂತ ಕಡಿಮೆ ಇರುವವರಿಂದ ಶುರುಮಾಡಿ. ಮೂವರ ಮುಂದೆ 150, 400, 900 ಇವೆ ಎನ್ನೋಣ. ಮೂವರಿಂದಲೂ 150 ಎಳೆದುಕೊಳ್ಳಿ: ಮೂವರಿಗೂ ಸಲ್ಲಬಹುದಾದ ಮೇನ್ ಪಾಟ್ 450. ಉಳಿದ ಇಬ್ಬರಿಂದ ತಲಾ 250: ಸೈಡ್ ಪಾಟ್ 500. ಮೂರನೆಯವರ ಬಳಿ ಉಳಿದ 500ಕ್ಕೆ ಸರಿಸಾಟಿಯಾಗಿ ಹಾಕುವವರಿಲ್ಲ, ಕೂಡಲೇ ಹಿಂದಿರುಗಿಸಿ. ಫೋಲ್ಡ್ ಆದವರು (ಎಲೆ ಬಿಟ್ಟು ಹಿಂದೆ ಸರಿದವರು) ಬಿಟ್ಟುಹೋದ ಬ್ಲೈಂಡ್ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಹಾಕುವ ಬೆಟ್) 30 ಇದ್ದರೆ ಅದು ಮೇನ್ ಪಾಟಿಗೆ, ಆಗ 480. ಪಾಟುಗಳು ಬೇರೆಬೇರೆಯಾಗಿ ಕುಳಿತ ಮೇಲಷ್ಟೇ ಮುಂದಿನ ಎಲೆ ಬಿಚ್ಚಿ.

ಹಂಚುವಾಗ ಸೈಡ್ ಪಾಟೇ ಮೊದಲು. ಕಡಿಮೆ ಚಿಪ್ಪಿನವರ ಕೈ (ಎಲೆಗಳ ಜೋಡಣೆ) ದೊಡ್ಡದೆಂದು ಮೇನ್ ಪಾಟ್ ತಳ್ಳಿ, ಅದೇ ಭರದಲ್ಲಿ ಉಳಿದಿಬ್ಬರ ಎಲೆಗಳನ್ನೂ ಬಾಚಿಕೊಂಡರೆ 500 ಯಾರದ್ದೆಂದು ಹೇಳಲು ಸಾಕ್ಷಿಯೇ ಉಳಿಯದು. ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ದುಬಾರಿ. ಪಾಟ್ ಸಮಪಾಲಾಗಿ ಒಂದು ಚಿಪ್ ಉಳಿದರೆ, ಪೋಕರ್‌ನ ಒಂದು ಬಗೆಯಾದ ಹೋಲ್ಡೆಮ್‌ನಲ್ಲಿ ಡೀಲರ್ ಸ್ಥಾನ ತೋರಿಸುವ ಬಟನ್‌ನ ಎಡಗಡೆಯಿಂದ ಮೊದಲು ಸಿಗುವ ವಿಜೇತರಿಗೆ ಕೊಡಿ.

ಪ್ರಶ್ನೆ: ಒಬ್ಬರ ಸರದಿ ಬಾಕಿ ಇರುವಾಗಲೇ ಟರ್ನ್ (ಮೇಜಿನ ನಾಲ್ಕನೆಯ) ಎಲೆ ಬಿಚ್ಚಿಬಿಟ್ಟೆ. ಏನು ಮಾಡಬೇಕು?

ಉತ್ತರ: ಮೊದಲು ಕೈ ನಿಲ್ಲಿಸಿ, ಮೇಲ್ವಿಚಾರಣೆಯ ಫ್ಲೋರ್‌ನವರನ್ನು ಕರೆಯಿರಿ. ಆ ಎಲೆಯನ್ನು ಮತ್ತೆ ಕಟ್ಟಿನ ಮೇಲೆ ಇಡಬೇಡಿ. ಸಾಮಾನ್ಯವಾಗಿ ಅದನ್ನು ಪಕ್ಕಕ್ಕಿಟ್ಟು ಬೆಟ್ಟಿಂಗ್ ಮುಗಿಸುತ್ತಾರೆ. ನಂತರ ಒಂದನ್ನು ಬರ್ನ್ ಮಾಡಿ (ಬಿಚ್ಚದೆ ಪಕ್ಕಕ್ಕೆ ಸರಿಸಿ), ಮುಂದಿನದನ್ನು ಟರ್ನ್ ಆಗಿ ಬಿಚ್ಚುತ್ತಾರೆ. ಟರ್ನ್ ಬೆಟ್ಟಿಂಗ್ ಆದಮೇಲೆ ಪಕ್ಕಕ್ಕಿಟ್ಟ ಎಲೆಯನ್ನು ಉಳಿದ ಕಟ್ಟಿಗೆ ಸೇರಿಸಿ ಕಲೆಸಿ, ಬರ್ನ್ ಇಲ್ಲದೆಯೇ ರಿವರ್ (ಐದನೆಯ, ಕೊನೆಯ ಎಲೆ) ಹಾಕುತ್ತಾರೆ. ಬರ್ನ್ ಎಲೆಗಳು, ಫೋಲ್ಡ್ ಆದ ಎಲೆಗಳು ಆ ಕಲಸಾಟಕ್ಕೆ ಸೇರಬಾರದು.

ಪ್ರಶ್ನೆ: ಮೇಜು ಬಿಟ್ಟು ಏಳುವಾಗ ಡೀಲರ್ ಚಪ್ಪಾಳೆ ತಟ್ಟುವುದೇಕೆ?

ಉತ್ತರ: ಅದು ಮೇಲಿನ ಕ್ಯಾಮೆರಾಕ್ಕೆ. ಒಮ್ಮೆ ತಟ್ಟಿ, ಅಂಗೈ ಮೇಲೆ ಕೆಳಗೆ ತಿರುಗಿಸಿ, ಬೆರಳು ಬಿಡಿಸಿ ತೋರಿಸುತ್ತಾರೆ: ಕೈಯಲ್ಲಿ ಚಿಪ್ ಇಲ್ಲ, ಎಲೆಯೂ ಇಲ್ಲ.