ಸವಳು ನೆಲದ ಭಾಷಣ ಮತ್ತು ಎದ್ದು ಹೋದ ಕೇಳುಗರು: ಸಂಪಾದಕರ ಉತ್ತರ

ಜಮಖಂಡಿ ತಾಲ್ಲೂಕಿನ ಓದುಗರಿಗೆ ನಮಸ್ಕಾರ.

ಕೃಷ್ಣಾ ತೀರದ ಹಳ್ಳಿಗಳಲ್ಲಿ ಸವಳು-ಜವಳು (ಉಪ್ಪೇರಿದ, ನೀರು ನಿಂತು ಕೆಟ್ಟ) ಭೂಮಿಯ ಬಗ್ಗೆ ರೈತರಿಗೆ ತಿಳಿವಳಿಕೆ ನೀಡುತ್ತಿರುವ ತಾವು, ಮುಂಜಾನೆ ಹನ್ನೊಂದಕ್ಕೆ ಆರಂಭವಾದ ಸಭೆಯಿಂದ ಅರ್ಧದಷ್ಟು ಜನ ನಡುವೆಯೇ ಎದ್ದು ಹೋದರೆಂದೂ, ಉಳಿದವರು ‘ಛಲೋ ಹೇಳಿದ್ರಿ’ ಎಂದು ಕೈಮುಗಿದರೂ ಒಬ್ಬರೂ ಪರೀಕ್ಷೆಗೆ ಮಣ್ಣು ತರಲಿಲ್ಲವೆಂದೂ ಬರೆದಿದ್ದೀರಿ. ಹಾಸ್ಯ ಬೆರೆಸುವುದನ್ನು ಕಲಿಯಬೇಕೇ, ಊರ ಆಡುಮಾತಿನಲ್ಲೇ ಮಾತನಾಡಬೇಕೇ ಎಂದು ಕೇಳಿದ್ದೀರಿ. ಪತ್ರದ ಜೊತೆಗೆ ಭಾಷಣದ ಪ್ರತಿಯನ್ನೂ ಕಳಿಸಿದ್ದರಿಂದ ನಮಗೆ ಅನುಕೂಲವಾಯಿತು.

ಎದ್ದು ಹೋದವರ ಬಗ್ಗೆ ಹೆಚ್ಚು ಕೊರಗಬೇಡಿ. ಆ ಊರಿನಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆಂದು ಮೊದಲು ವಿಚಾರಿಸಿ. ಕಬ್ಬಿಗೆ ನೀರು ಹಾಯಿಸಬೇಕಾದವನು ಎಂಥ ವಾಗ್ಮಿಯ ಎದುರಿಗೂ ಕೂರುವುದಿಲ್ಲ. ನಮ್ಮನ್ನು ಚಿಂತೆಗೆ ಹಚ್ಚಿದ್ದು ಕೊನೆಯವರೆಗೆ ಕುಳಿತು, ಹೊಗಳಿ, ಸುಮ್ಮನೆ ಮನೆಗೆ ಹೋದವರು. ಅವರ ಹೊಗಳಿಕೆ ನಮ್ಮ ಸೀಮೆಯ ಸೌಜನ್ಯ. ಭಾಷಣ ತಲುಪಿತೋ ಇಲ್ಲವೋ ಎಂಬುದಕ್ಕೆ ಅವರು ತರುವ ಮಣ್ಣಿನ ಚೀಲವೇ ಸಾಕ್ಷಿ.

ತಮ್ಮ ಭಾಷಣ ಸವಳು ಭೂಮಿಯ ವ್ಯಾಖ್ಯೆಯಿಂದ ಆರಂಭವಾಗಿ, ವಿದ್ಯುತ್ ವಾಹಕತೆ (ಮಣ್ಣಿನ ಲವಣದ ಅಳತೆ, ಇಸಿ) 4ನ್ನು ಮೀರಿದರೆ ಲವಣಯುಕ್ತ, ರಸಸಾರ (ಪಿಎಚ್) 8.5ನ್ನು ಮೀರಿದರೆ ಕ್ಷಾರ ಎಂದು ಮುಂದುವರಿಯುತ್ತದೆ. ಮಾತೆಲ್ಲ ಸರಿ, ಆದರೆ ಇದನ್ನು ಯಾರೂ ಕೇಳಿರಲಿಲ್ಲ. ತಗ್ಗಿನ ಮೂಲೆಯಲ್ಲಿ ನೆಲ ಬೆಳ್ಳಗಾಗಿ ಕಬ್ಬಿನ ಕೂಳೆ ಚಿಗುರದಿರುವುದನ್ನು ದಿನವೂ ನೋಡುವ ರೈತನ ಮನಸ್ಸಿನಲ್ಲಿರುವುದು ‘ಹೊಳಿ ನೀರು ಸಿಹಿ ಐತಿ, ಹಂಗಾರ ಈ ಉಪ್ಪು ಎಲ್ಲಿಂದ ಬಂತು?’ ಎಂಬ ಪ್ರಶ್ನೆ. ಅದನ್ನು ತಾವೇ ಎತ್ತಿ, ಎರೆಮಣ್ಣಿನಲ್ಲಿ ನೀರು ಬೇಗ ಬಸಿಯದೆ ಅಂತರ್ಜಲ ಮೇಲೇರುವುದನ್ನೂ, ಕೆಳಪದರದ ಲವಣ ಅದರೊಡನೆ ಮೇಲೆ ಬರುವುದನ್ನೂ, ಬಿಸಿಲಿಗೆ ನೀರು ಆರಿ ಲವಣ ಮಾತ್ರ ಉಳಿಯುವುದನ್ನೂ ಹೇಳಿದ್ದರೆ, ಆ ಸಂಖ್ಯೆಗಳಿಗೆ ಆಮೇಲೆ ಜಾಗ ಸಿಗುತ್ತಿತ್ತು. ಬೋರ್‌ವೆಲ್ ಇರುವವರಿಗೆ ಲೆಕ್ಕವನ್ನೇ ಮಾಡಿ ತೋರಿಸಿ: ಲೀಟರಿಗೆ 1 ಗ್ರಾಂ ಲವಣವಿರುವ ನೀರನ್ನು ಒಂದು ಎಕರೆಯಲ್ಲಿ ಒಂದು ಇಂಚು ನಿಲ್ಲುವಷ್ಟು ಹಾಯಿಸಿದರೆ, ಸುಮಾರು 1 ಲಕ್ಷ ಲೀಟರ್ ನೀರಿನೊಡನೆ 1 ಕ್ವಿಂಟಾಲ್ ಉಪ್ಪು, ಅಂದರೆ 50 ಕಿಲೋದ ಎರಡು ಚೀಲ, ಹೊಲಕ್ಕೆ ಬಿದ್ದಂತಾಗುತ್ತದೆ. ಚೀಲದ ಲೆಕ್ಕ ರೈತನಿಗೆ ನಮಗಿಂತ ಚೆನ್ನಾಗಿ ಗೊತ್ತು.

‘ಜಿಪ್ಸಂ ಹಾಕಿದರ ಹೋಗತೈತೇನ್ರಿ?’ ಎಂಬ ಪ್ರಶ್ನೆಯಂತೂ ಬಂದೇ ಬರುತ್ತದೆ. ಮಣ್ಣಿನ ಕಣಕ್ಕೆ ಸೋಡಿಯಂ ಅಂಟಿಕೊಂಡಿರುವ ಕ್ಷಾರ ಭೂಮಿಗೆ ಜಿಪ್ಸಂ ಬೇಕು. ಬರೀ ಲವಣವಿರುವಲ್ಲಿ ಒಳ್ಳೆಯ ನೀರಿನಿಂದ ತೊಳೆದು ಹೊರಗೆ ಹರಿಸಬೇಕು. ಬಸಿಗಾಲುವೆಯಿಲ್ಲದಿದ್ದರೆ ಎರಡೂ ಕಡೆ ಶ್ರಮ ವ್ಯರ್ಥ. ಮಣ್ಣು ಪರೀಕ್ಷೆ ಏಕೆ ಬೇಕೆಂಬುದು ಈ ಉತ್ತರದಿಂದ ತಾನಾಗಿಯೇ ಹೊರಡುತ್ತದೆ. ತಮ್ಮ ಭಾಷಣದಲ್ಲಿ ಪರೀಕ್ಷೆಯ ಮಾತು ಕೊನೆಯ ಪುಟದಲ್ಲಿ ಕರೆಯ ರೂಪದಲ್ಲಿ ಒಂಟಿಯಾಗಿ ನಿಂತಿದೆ.

ಪ್ರಶ್ನೆಯನ್ನು ಮುಂದಿಟ್ಟು ಮಾತು ಬೆಳೆಸುವ ಪದ್ಧತಿ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಕುಲಗೋಡ ತಮ್ಮಣ್ಣನವರು ರಂಗಕ್ಕೆ ಅಳವಡಿಸಿದ, ಕೌಜಲಗಿ ನಿಂಗಮ್ಮನವರು ಹೆಸರು ಮಾಡಿದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದಲ್ಲಿ ಭಾಗವತನು ಗೊಲ್ಲತಿಯನ್ನು ಕೆಣಕಿ ಕೆಣಕಿ ಕೇಳುವಾಗ, ಅಂಗಳದಲ್ಲಿ ಕುಳಿತವರ ಸಂಶಯವೇ ಅವನ ಬಾಯಿಂದ ಬರುತ್ತದೆ. ತಾವೂ, ಸವಳಿನಿಂದ ಹೊಲ ಕೆಟ್ಟ ಅನುಭವವಿರುವ ಹಿರಿಯ ರೈತರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರಿಗೆ ಮನಬಂದಲ್ಲಿ ತಡೆದು ಕೇಳುವ ಅಧಿಕಾರ ಕೊಡಿ. ಪ್ರಶ್ನೆಗಳನ್ನು ಮೊದಲೇ ಹೇಳಿಕೊಟ್ಟರೆ ಅದು ಹಿಂದಿನ ಸಾಲಿನವರಿಗೂ ಗೊತ್ತಾಗುತ್ತದೆ.

ಹಾಸ್ಯ ತಾನಾಗಿ ಬಂದರೆ ಬರಲಿ. 2023ರ ಜನವರಿಯಲ್ಲಿ ನಮ್ಮನ್ನಗಲಿದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ದನಿ ಏರಿಸದೆ, ಸರಳ ಮಾತಿನಲ್ಲಿ ನಿಧಾನವಾಗಿ ನಡೆಸುತ್ತಿದ್ದ ಪ್ರವಚನಕ್ಕೆ ಸಾವಿರಾರು ಜನ ಬೆಳಗಿನ ಹೊತ್ತು ಬಂದು ನಿಶ್ಶಬ್ದವಾಗಿ ಕೂರುತ್ತಿದ್ದರು. ಒಂದು ವಿಚಾರ ಕೇಳುಗನೊಳಗೆ ಇಳಿಯುವಷ್ಟು ಬಿಡುವು ಕೊಟ್ಟೇ ಅವರು ಮುಂದಿನದಕ್ಕೆ ಹೋಗುತ್ತಿದ್ದರು. ಆಡುಮಾತು ತಮ್ಮ ಮನೆಯ ಮಾತಾಗಿದ್ದರೆ ಅದರಲ್ಲೇ ಮಾತನಾಡಿ, ಇಲ್ಲದಿದ್ದರೆ ಅನುಕರಣೆ ಬೇಡ. ಪ್ರೊಜೆಕ್ಟರ್ ಮನೆಯಲ್ಲೇ ಇರಲಿ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಅನೇಕರ ಮನೆಯಲ್ಲಿ ಓದದೆ ಬಿದ್ದಿರಬಹುದು. ಅದರ 12 ಅಂಶಗಳಲ್ಲಿ ರಸಸಾರವೂ ವಿದ್ಯುತ್ ವಾಹಕತೆಯೂ ಇವೆ. ಮುಂದಿನ ಸಭೆಗೆ ಅದನ್ನು ತರಲು ಹೇಳಿ, ಒಪ್ಪಿದವರ ಚೀಟಿಯನ್ನು ಎಲ್ಲರೆದುರು ಓದಿ ವಿವರಿಸಿ. ಚೀಟಿಯಿಲ್ಲದವರಿಗೆ ಖಾಲಿ ಚೀಲ ಕೊಟ್ಟು, ಹೊಲದ ಹಲವು ಕಡೆ ಮಣ್ಣು ತೆಗೆದು ಬೆರೆಸಿ ಅರ್ಧ ಕಿಲೋ ತುಂಬುವುದನ್ನು ಅಲ್ಲೇ ಮಾಡಿ ತೋರಿಸಿ. ವರದಿ ಬಂದ ಮೇಲೆ ಅದನ್ನು ಓದಿ ಹೇಳಲು ಯಾವ ದಿನ ಮತ್ತೆ ಬರುತ್ತೀರೆಂಬುದನ್ನೂ ಅವತ್ತೇ ತಿಳಿಸಿಬಿಡಿ, ಕರೆಂಟಿನ ಹೊತ್ತು ತಪ್ಪಿಸಿ.

— ಸಂಪಾದಕ