ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ನೆಲದಡಿ ಯಾಕೆ ಇಡುತ್ತಾರೆ? ಅಲ್ಲಿಂದಲೇ ಹಾರಿಸಬಹುದಾ?

ನೆಲದಡಿ ಇಡುವುದು ಶತ್ರುವಿನ ದಾಳಿಯಿಂದ ಕಾಪಾಡಲು. ಅಲ್ಲಿಂದಲೇ ಹಾರಿಸಬಹುದು, ಆದರೆ ಎಲ್ಲ ನೆಲೆಗಳಿಂದಲೂ ಅಲ್ಲ. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಒಂದು ಸೈಲೋ, ಅಂದರೆ ಕಾಂಕ್ರೀಟಿನ ಆಳವಾದ ಬಾವಿ. ಒಳಗೆ ಕ್ಷಿಪಣಿ ನೆಟ್ಟಗೆ ನಿಂತಿರುತ್ತದೆ. ಅಮೆರಿಕದ ಹಳೆಯ ಟೈಟಾನ್-1 ಕ್ಷಿಪಣಿಗೆ ಇಂಧನ ತುಂಬಿ, ಲಿಫ್ಟಿನಲ್ಲಿ ಮೇಲೆತ್ತಿ ಹಾರಿಸಬೇಕಿತ್ತು. ಅಷ್ಟು ಹೊತ್ತು ಶತ್ರು ಸುಮ್ನೆ ಕಾಯ್ತಾನಾ? ಹಾಗಾಗಿ ಟೈಟಾನ್-2ರಲ್ಲಿ ಇಂಧನ ಮೊದಲೇ ತುಂಬಿಟ್ಟು, ಬಾವಿಯೊಳಗಿಂದಲೇ ಹಾರುವಂತೆ ಮಾಡಿದರು. ಆದೇಶ ಬಂದ ಮೇಲೆ ಒಂದು ನಿಮಿಷದೊಳಗೆ ಹೊರಡುತ್ತಿತ್ತು. ಬಾವಿಯ ಮುಚ್ಚಳದ ತೂಕವೇ ಸುಮಾರು 740 ಟನ್!

ಆದರೆ ತುಂಬಿಟ್ಟ ದ್ರವ ಇಂಧನವೇ ಅಪಾಯ. 1980ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅರ್ಕನ್ಸಾಸ್ ರಾಜ್ಯದ ಡಮಾಸ್ಕಸ್ ಊರಿನ ಬಳಿಯ ಟೈಟಾನ್-2 ಸೈಲೋದಲ್ಲಿ ಕೆಲಸಗಾರನ ಕೈಜಾರಿ ಪಾನಾದ ಸಾಕೆಟ್ ಕೆಳಗೆ ಬಿತ್ತು. ಅದು ಪುಟಿದು ಇಂಧನದ ಟ್ಯಾಂಕಿಗೆ ತೂತು ಮಾಡಿತು. ಕೆಲವು ಗಂಟೆಗಳ ನಂತರ ಸ್ಫೋಟ. ಆ ಭಾರೀ ಮುಚ್ಚಳವೇ ಹಾರಿಹೋಯಿತು, ಒಬ್ಬ ಸೈನಿಕ ಸತ್ತ. ಕ್ಷಿಪಣಿಯ ತುದಿಯಲ್ಲಿದ್ದ ಅಣ್ವಸ್ತ್ರ ಹೊರಗೆ ಹೋಗಿ ಬಿದ್ದರೂ ಸಿಡಿಯಲಿಲ್ಲ, ಪುಣ್ಯ. ಅಮೆರಿಕದ ಈಗಿನ ಮಿನಿಟ್‌ಮನ್-3 ಕ್ಷಿಪಣಿಯಲ್ಲಿ ಘನ ಇಂಧನ, ಈ ತಲೆನೋವು ಕಡಿಮೆ.

ಇನ್ನೊಂದು ಬಗೆ ಬೆಟ್ಟದೊಳಗಿನ ಸುರಂಗ. ಇರಾನ್ 2015ರಲ್ಲಿ ಇಂಥದ್ದೊಂದನ್ನು ಟಿವಿಯಲ್ಲಿ ತೋರಿಸಿ, 500 ಮೀಟರ್ ಆಳದಲ್ಲಿದೆ ಎಂದು ಹೇಳಿಕೊಂಡಿತ್ತು. ಇವು ಹೆಚ್ಚಾಗಿ ಗೋದಾಮು ಇದ್ದ ಹಾಗೆ. ಲಾರಿ ಮೇಲೆ ಹೇರಿದ ಕ್ಷಿಪಣಿ ಹೊರಗೆ ಬಂದು ಹಾರಿ, ಲಾರಿ ಮತ್ತೆ ಒಳಗೆ ಸೇರುತ್ತದೆ. ಬೆಟ್ಟ ಒಡೆಯುವುದು ಕಷ್ಟ, ನಿಜ. ಆದರೆ ಸುರಂಗದ ಬಾಯಿಗೆ ಬಾಂಬ್ ಬಿದ್ದು ಮಣ್ಣು ಕುಸಿದರೆ, ಒಳಗಿರೋದು ಒಳಗೇ ಅಲ್ವಾ?